ಸೈಲೆನ್ಸರ್, ಏರ್ ಫಿಲ್ಟರ್ ಬದಲಿಸುವ ಮುನ್ನ ಬೈಕ್ ಮಾಲೀಕರು ತಿಳಿದಿರಬೇಕಾದದ್ದು

ಹೊಸ ಬೈಕ್ ಮನೆಗೆ ಬಂದು, ಪೂಜೆ ಮುಗಿದು, ಮೊದಲ ಸರ್ವೀಸ್ ಆಗುವ ಹೊತ್ತಿಗೆ ಅನೇಕ ಮಾಲೀಕರ ಮನಸ್ಸಿನಲ್ಲಿ ಒಂದು ಆಸೆ ಮೊಳೆಯುತ್ತದೆ. ಶಬ್ದ ಇನ್ನಷ್ಟು ಗಡುಸಾಗಿದ್ದರೆ, ಪಿಕಪ್ ಇನ್ನಷ್ಟು ಚುರುಕಾಗಿದ್ದರೆ ಎಂಬ ಆಸೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿಂದ ಹಿಡಿದು ತಾಲ್ಲೂಕು ಕೇಂದ್ರದ ಗ್ಯಾರೇಜುಗಳವರೆಗೆ ಈ ಆಸೆಗೆ ಸಿದ್ಧ ಉತ್ತರವೊಂದಿದೆ. ಕಂಪನಿಯ ಸೈಲೆನ್ಸರ್ ತೆಗೆದು ಬೇರೆಯದನ್ನು ಹಾಕುವುದು, ಏರ್ ಫಿಲ್ಟರ್ ಕಳಚುವುದು ಅಥವಾ ಅದರ ಪೆಟ್ಟಿಗೆಗೆ ರಂಧ್ರ ಕೊರೆಯುವುದು. ಎರಡು ಸ್ಪಾನರ್, ಒಂದು ಸ್ಕ್ರೂಡ್ರೈವರ್ ಇದ್ದರೆ ಭಾನುವಾರ ಬೆಳಿಗ್ಗೆ ಮನೆಯಂಗಳದಲ್ಲೇ ಮುಗಿಯುವ ಕೆಲಸವಿದು.

ಬಿಚ್ಚುವುದು ಸುಲಭ ಎಂಬುದೇನೋ ನಿಜ. ಬಿಚ್ಚಿದ ಬಳಿಕ ಎಂಜಿನ್ನಿನ ಒಳಗೆ ಏನಾಗುತ್ತದೆ, ಕಾನೂನು ಏನು ಹೇಳುತ್ತದೆ, ನಷ್ಟವಾದರೆ ಯಾರು ಹೊಣೆ ಎಂಬುದನ್ನು ಅಂಗಡಿಯವರಾಗಲಿ ಗೆಳೆಯರಾಗಲಿ ಹೇಳುವುದು ಅಪರೂಪ. ಸೈಲೆನ್ಸರ್ ಮತ್ತು ಏರ್ ಫಿಲ್ಟರ್ ಬೇರೆ ಬೇರೆ ಜಾಗದಲ್ಲಿ ಕಂಡರೂ ಒಂದೇ ಉಸಿರಾಟದ ಎರಡು ತುದಿಗಳು. ಒಂದನ್ನು ಮುಟ್ಟಿದರೆ ಇನ್ನೊಂದರ ಲೆಕ್ಕ ತಪ್ಪುತ್ತದೆ, ಎರಡನ್ನೂ ಮುಟ್ಟಿದರೆ ಇಂಧನದ ಲೆಕ್ಕವೂ ತಪ್ಪುತ್ತದೆ. ಈ ವಿಷಯದ ತಾಂತ್ರಿಕ ಹಾಗೂ ಕಾನೂನು ಸಂಗತಿಗಳನ್ನು ಇಲ್ಲಿ ಒಂದೆಡೆ ಕೊಡಲಾಗಿದೆ.

ಎಂಜಿನ್ನಿನ ಉಸಿರಾಟ

ಇಂದು ಮಾರಾಟವಾಗುವ ಪೆಟ್ರೋಲ್ ಬೈಕ್‌ಗಳದ್ದು ನಾಲ್ಕು ಸ್ಟ್ರೋಕ್ ಎಂಜಿನ್. ಗಾಳಿ ಮತ್ತು ಇಂಧನದ ಮಿಶ್ರಣವನ್ನು ಒಳಗೆಳೆಯುವುದು, ಅದನ್ನು ಅದುಮುವುದು, ಕಿಡಿ ಹಚ್ಚಿ ಉರಿಸುವುದು, ಉರಿದ ಹೊಗೆಯನ್ನು ಹೊರದಬ್ಬುವುದು ಎಂಬ ನಾಲ್ಕು ಹಂತಗಳಲ್ಲಿ ಅದರ ಕೆಲಸ ಸಾಗುತ್ತದೆ. ನಿಮಿಷಕ್ಕೆ 6,000 ಸುತ್ತು ತಿರುಗುತ್ತಿರುವ ಒಂಟಿ ಸಿಲಿಂಡರ್ ಎಂಜಿನ್ ಸೆಕೆಂಡಿಗೆ 50 ಬಾರಿ ಹೀಗೆ ಉಸಿರೆಳೆದು ಬಿಡುತ್ತದೆ.

ಪೆಟ್ರೋಲ್ ಪೂರ್ಣವಾಗಿ ಉರಿಯಬೇಕಾದರೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಇದನ್ನು ಅಳತೆಗೆ ಇಳಿಸಿದರೆ ಒಂದು ಲೀಟರ್ ಪೆಟ್ರೋಲ್ ಉರಿಯಲು ಹತ್ತಿರಹತ್ತಿರ 9 ಸಾವಿರ ಲೀಟರ್ ಗಾಳಿ ಬೇಕಾಗುತ್ತದೆ. ಲೀಟರಿಗೆ 45 ಕಿ.ಮೀ. ಮೈಲೇಜ್ ಕೊಡುವ ಬೈಕ್ ಬೆಂಗಳೂರಿನಿಂದ ಮೈಸೂರಿಗೆ ಹೋಗುವಷ್ಟರಲ್ಲಿ ಸುಮಾರು 3 ಲೀಟರ್ ಪೆಟ್ರೋಲ್ ಜೊತೆಗೆ 27 ಸಾವಿರ ಲೀಟರ್‌ನಷ್ಟು ಗಾಳಿಯನ್ನೂ ಕುಡಿದಿರುತ್ತದೆ. ಅಷ್ಟೂ ಗಾಳಿ ಹಾದು ಬರುವುದು ಅಂಗೈಯಗಲದ ಒಂದು ಫಿಲ್ಟರಿನ ಮೂಲಕ.

ಗಾಳಿಯ ಪಾಲು ಕಡಿಮೆಯಾಗಿ ಪೆಟ್ರೋಲ್ ಹೆಚ್ಚಾದರೆ ಆ ಮಿಶ್ರಣಕ್ಕೆ ಗ್ಯಾರೇಜಿನ ಭಾಷೆಯಲ್ಲಿ 'ರಿಚ್' ಎನ್ನುತ್ತಾರೆ. ಆಗ ಮೈಲೇಜ್ ಇಳಿಯುತ್ತದೆ, ಹೊಗೆ ಕಪ್ಪಾಗುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಅದು 'ಲೀನ್'. ಆಗ ಎಂಜಿನ್ ಮಿತಿಮೀರಿ ಬಿಸಿಯಾಗುತ್ತದೆ. ಮೊದಲನೆಯದು ಜೇಬಿಗೆ ಹೊರೆಯಾದರೆ ಎರಡನೆಯದು ಎಂಜಿನ್ನಿನ ಆಯುಷ್ಯವನ್ನೇ ತಿನ್ನುತ್ತದೆ. ಮನೆಯಲ್ಲಿ ನಡೆಯುವ ಬಹುತೇಕ ಮಾರ್ಪಾಡುಗಳು ಬೈಕನ್ನು ತಳ್ಳುವುದು ಈ ಎರಡನೆಯ ಸ್ಥಿತಿಗೆ.

ಏರ್ ಫಿಲ್ಟರ್ ಏಕೆ ಬೇಕು

ರಸ್ತೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ಮರಳಿನ ಕಣಗಳಿರುತ್ತವೆ. ಸಿಲಿಂಡರಿನ ಗೋಡೆಗೂ ಪಿಸ್ಟನ್ ರಿಂಗಿಗೂ ನಡುವೆ ಇರುವುದು ಎಣ್ಣೆಯ ತೆಳು ಪದರ ಮಾತ್ರ. ಆ ಪದರದೊಳಗೆ ಮರಳಿನ ಕಣ ಸೇರಿದರೆ ಅದು ಉಜ್ಜುಕಾಗದದಂತೆ ವರ್ತಿಸುತ್ತದೆ. ಗೋಡೆ ಗೀರು ಬೀಳುತ್ತದೆ, ರಿಂಗ್ ಸವೆಯುತ್ತದೆ, ಎಂಜಿನ್ ಆಯಿಲ್ ಮೇಲಕ್ಕೇರಿ ಉರಿಯತೊಡಗುತ್ತದೆ. ಸೈಲೆನ್ಸರಿನಿಂದ ನೀಲಿಹೊಗೆ ಬರುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. ಸಂಡೂರು, ಹೊಸಪೇಟೆ ಕಡೆಯ ಗಣಿ ಲಾರಿಗಳ ರಸ್ತೆಯಲ್ಲಾಗಲಿ, ಸದಾ ಕಾಮಗಾರಿ ನಡೆಯುವ ಬೆಂಗಳೂರಿನ ಹೊರವಲಯದಲ್ಲಾಗಲಿ ಓಡಾಡುವವರಿಗೆ ಈ ಅಪಾಯ ಇನ್ನೂ ಹೆಚ್ಚು.

ಫಿಲ್ಟರ್ ಕೂರುವ ಪ್ಲಾಸ್ಟಿಕ್ ಪೆಟ್ಟಿಗೆಗೂ ಕೆಲಸವಿದೆ. ಎಂಜಿನ್ ಒಂದೊಂದೇ ಗುಟುಕಿನಂತೆ ಗಾಳಿ ಎಳೆಯುವುದರಿಂದ ಆ ಎಳೆತಗಳ ನಡುವೆ ಗಾಳಿಯನ್ನು ಶಾಂತವಾಗಿ ಹಿಡಿದಿಡುವ ಕೋಣೆ ಬೇಕಾಗುತ್ತದೆ. ಪೆಟ್ಟಿಗೆಯ ಗಾತ್ರ, ಅದರ ಬಾಯಿಯ ಅಗಲ, ಕಾರ್ಬುರೇಟರಿಗೆ ಸೇರುವ ರಬ್ಬರ್ ಪೈಪಿನ ಉದ್ದ ಇವೆಲ್ಲವನ್ನೂ ಆಯಾ ಎಂಜಿನ್ನಿಗೆ ಲೆಕ್ಕಹಾಕಿ ಇಡಲಾಗಿರುತ್ತದೆ. ಗಾಳಿ ಎಳೆಯುವ ಸದ್ದನ್ನು ತಗ್ಗಿಸುವುದೂ ಇದೇ ಪೆಟ್ಟಿಗೆ. ಮುಚ್ಚಳಕ್ಕೆ ರಂಧ್ರ ಕೊರೆದಾಗ ಕೇಳಿಸುವ ಗುಟುರು ಹೊಸ ಶಕ್ತಿಯದ್ದು ಎಂದು ಅನೇಕರು ಭಾವಿಸುತ್ತಾರೆ. ಅದು ಇಷ್ಟು ದಿನ ಪೆಟ್ಟಿಗೆ ಅಡಗಿಸಿಟ್ಟಿದ್ದ ಹಳೆಯ ಸದ್ದೇ.

ಸೈಲೆನ್ಸರಿನ ಒಳಗೇನಿದೆ

ಹೊರಗಿನಿಂದ ಒಂದೇ ಕೊಳವೆಯಂತೆ ಕಾಣುವ ಸೈಲೆನ್ಸರಿನ ಒಳಗೆ ಹಲವು ಕೋಣೆಗಳು, ತೂತುಗಳಿರುವ ಕೊಳವೆಗಳು, 'ಬ್ಯಾಫಲ್' ಎಂಬ ತಡೆತಟ್ಟೆಗಳು ಇರುತ್ತವೆ. ಹೊಗೆ ಈ ಕೋಣೆಗಳಲ್ಲಿ ತಿರುಗಿ ತಿರುಗಿ ಹೊರಬರುವಾಗ ಶಬ್ದದ ಅಲೆಗಳು ಒಂದಕ್ಕೊಂದು ಬಡಿದು ತಗ್ಗುತ್ತವೆ. ಮಾರುಕಟ್ಟೆಯಲ್ಲಿ 'ಫ್ರೀ ಫ್ಲೋ' ಹೆಸರಿನಲ್ಲಿ ಸಿಗುವ ಸೈಲೆನ್ಸರುಗಳಲ್ಲಿ ಸಾಮಾನ್ಯವಾಗಿ ಕೋಣೆಗಳಿರುವುದಿಲ್ಲ. ನೇರವಾದ ತೂತು ಕೊಳವೆ, ಅದರ ಸುತ್ತ ಗಾಜಿನ ನಾರು ಇಷ್ಟೇ ಇರುತ್ತದೆ. ಕಳಪೆ ಮಾಲಿನಲ್ಲಿ ನಾರು ಕೆಲವೇ ತಿಂಗಳಲ್ಲಿ ಉರಿದುಹೋಗಿ ಉಳಿಯುವುದು ಬರಿಯ ಕೊಳವೆ.

ಎಂಜಿನ್ನಿಗೆ 'ಬ್ಯಾಕ್ ಪ್ರೆಷರ್' ಬೇಕೇಬೇಕು ಎಂಬ ಮಾತು ಗ್ಯಾರೇಜುಗಳಲ್ಲಿ ಆಗಾಗ ಕೇಳಿಬರುತ್ತದೆ. ಇದು ಪೂರ್ಣ ಸರಿಯಲ್ಲ. ಹೊರಹೋಗುವ ಹೊಗೆಗೆ ಅಡ್ಡಿ ಇರುವುದರಿಂದ ಎಂಜಿನ್ನಿಗೆ ಲಾಭವೇನೂ ಇಲ್ಲ. ಮುಖ್ಯವಾದದ್ದು ಹೊಗೆಯ ವೇಗ ಮತ್ತು ಒತ್ತಡದ ಅಲೆಯ ಸಮಯ. ಸರಿಯಾದ ವ್ಯಾಸ, ಸರಿಯಾದ ಉದ್ದದ ಕೊಳವೆಯಲ್ಲಿ ಹೊಗೆ ವೇಗವಾಗಿ ಸಾಗುವಾಗ ಅದರ ಹಿಂದೆ ಒತ್ತಡ ಕಡಿಮೆಯಾಗಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಅದು ಎಳೆದುಕೊಳ್ಳುತ್ತದೆ. ಕೊಳವೆ ವಿಪರೀತ ಅಗಲವಾದರೆ ಹೊಗೆಯ ವೇಗ ಕುಂದುತ್ತದೆ. ಸೈಲೆನ್ಸರ್ ಬದಲಿಸಿದ ಬೈಕ್ ಕೆಲವೊಮ್ಮೆ ಹೆಚ್ಚಿನ ವೇಗದಲ್ಲಿ ತುಸು ಹಗುರವಾಗಿ ಓಡಿದಂತೆ ಕಂಡರೂ, ಊರೊಳಗೆ ಎರಡು ಮೂರನೇ ಗೇರಿನಲ್ಲಿ ಜಡವಾಗುವುದಕ್ಕೆ ಇದೇ ಕಾರಣ. ನಮ್ಮ ನಗರಗಳಲ್ಲಿ ಬೈಕ್ ಹೆಚ್ಚು ಹೊತ್ತು ಓಡುವುದು ಇದೇ ಗೇರುಗಳಲ್ಲಿ.

ಸೈಲೆನ್ಸರಿನ ಒಳಗೆ ಅಥವಾ ಅದಕ್ಕೂ ಮುಂದಿನ ಬೆಂಡ್ ಪೈಪಿನಲ್ಲಿ ಇರುವ ಮತ್ತೊಂದು ಭಾಗ ಕ್ಯಾಟಲಿಟಿಕ್ ಕನ್ವರ್ಟರ್. ಜೇನುಗೂಡಿನಂತಹ ರಚನೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪನ ಕೊಟ್ಟಿರುವ ಈ ಭಾಗ ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡುಗಳನ್ನು ಕಡಿಮೆ ಹಾನಿಯ ಅನಿಲಗಳಾಗಿ ಪರಿವರ್ತಿಸುತ್ತದೆ. ಬದಲಿ ಸೈಲೆನ್ಸರ್ ಹಾಕುವಾಗ ಅನೇಕ ಬಾರಿ ಇದೂ ಬೈಕಿನಿಂದ ಹೊರಬೀಳುತ್ತದೆ. ಮಾಲೀಕನಿಗೆ ಅದರ ಅರಿವೇ ಇರುವುದಿಲ್ಲ.

ಎರಡು ಸ್ಟ್ರೋಕ್ ಬೈಕಿನ ಲೆಕ್ಕ ಬೇರೆ

ಯಮಹಾ ಆರ್‌ಎಕ್ಸ್ 100, ಯೆಜ್ಡಿ, ಹಳೆಯ ಜಾವಾ ಇವುಗಳನ್ನು ಇಂದಿಗೂ ಜತನದಿಂದ ಇಟ್ಟುಕೊಂಡವರು ರಾಜ್ಯದಲ್ಲಿ ಬಹಳಷ್ಟಿದ್ದಾರೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ತಯಾರಿಸಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವುದು ಅವುಗಳ 250 ಸಿಸಿ ಬೈಕಿನ ಗುರುತು. 98 ಸಿಸಿಯ ಆರ್‌ಎಕ್ಸ್ 100 ಬೈಕ್ 1985ರಿಂದ 1996ರವರೆಗೆ ತಯಾರಾಯಿತು.

ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಬರುವ ದಾರಿಯೂ ಹೊಗೆ ಹೊರಹೋಗುವ ದಾರಿಯೂ ಕೆಲಹೊತ್ತು ಒಟ್ಟಿಗೆ ತೆರೆದಿರುತ್ತವೆ. ಹೊಸ ಮಿಶ್ರಣದಲ್ಲಿ ಸ್ವಲ್ಪ ಪಾಲು ಉರಿಯದೆಯೇ ಸೈಲೆನ್ಸರಿನ ಕಡೆಗೆ ಜಾರುತ್ತದೆ. ಕೊಳವೆಯ ಅಗಲವಾಗಿ ಮತ್ತೆ ಕಿರಿದಾಗುವ ಆಕಾರದಿಂದ ಒತ್ತಡದ ಅಲೆಯೊಂದು ಹಿಂದಿರುಗಿ ಬಂದು ಆ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಪೂರ್ವ ಜರ್ಮನಿಯ ಎಂಜೆಡ್ ಸಂಸ್ಥೆಯ ಎಂಜಿನಿಯರ್ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಈ ತತ್ವವನ್ನು ರೇಸ್ ಬೈಕುಗಳಲ್ಲಿ ಬೆಳೆಸಿದರು. ಇಂತಹ ಬೈಕಿನಲ್ಲಿ ಸೈಲೆನ್ಸರ್ ಎಂಜಿನ್ನಿನದೇ ಒಂದು ಅಂಗ. ಅದರ ಆಕಾರವನ್ನು ಕಣ್ಣಂದಾಜಿನಲ್ಲಿ ಬದಲಿಸಿದರೆ ಬಲ ಕುಸಿಯುವುದೇ ಹೆಚ್ಚು.

ಈ ವರದಿಗಾರನ ಸ್ವಂತ ಅನುಭವವನ್ನು ಇಲ್ಲಿ ಹೇಳಬಹುದು. ಪತ್ರಿಕೋದ್ಯಮ ಡಿಪ್ಲೊಮಾ ಓದುತ್ತಿದ್ದ ದಿನಗಳಲ್ಲಿ ಮಾವನವರಿಂದ ಬಂದ ಹಳೆಯ ಆರ್‌ಎಕ್ಸ್ 100 ಇತ್ತು. ಗೆಳೆಯರ ಮಾತು ಕೇಳಿ ಸೈಲೆನ್ಸರಿನ ಬ್ಯಾಫಲ್ ಎಳೆದು ತೆಗೆದು, ಫಿಲ್ಟರ್ ಕಳಚಿಟ್ಟು ಬೇಸಿಗೆಯಿಡೀ ಓಡಿಸಿದ್ದಾಯಿತು. ಮೊದಲ ವಾರ ಬೈಕ್ ಹಾರಿದಂತೆ ಅನಿಸಿತು. ಮಳೆಗಾಲದ ಹೊತ್ತಿಗೆ ಒಳಗಿನಿಂದ ಕಟಕಟ ಸದ್ದು. ಬಿಚ್ಚಿ ನೋಡಿದ ಮೆಕ್ಯಾನಿಕ್ ಪಿಸ್ಟನ್ ಮೇಲಿನ ಗೀರುಗಳನ್ನು ಬೆರಳಿನಿಂದ ತೋರಿಸಿ, 'ಮಣ್ಣು ತಿನ್ನಿಸಿದ್ದೀರಿ ಸ್ವಾಮಿ' ಎಂದರು. ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಹೋಗುವುದರಿಂದ ಬೇರಿಂಗುಗಳೂ ಸವೆದಿದ್ದವು. ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ, ಬೇರಿಂಗ್ ಬದಲಿಸಲು ತಗುಲಿದ ಹಣ ಎರಡು ತಿಂಗಳ ರೂಮ್ ಬಾಡಿಗೆಗಿಂತ ಹೆಚ್ಚಾಯಿತು. ಮನೆಯವರಿಗೆ ಹೇಳಲಾಗದೆ ಗೆಳೆಯನ ಬಳಿ ಸಾಲ ಮಾಡಬೇಕಾಯಿತು. ತಪ್ಪು ಬೈಕಿನದಾಗಿರಲಿಲ್ಲ, ಮೆಕ್ಯಾನಿಕ್‌ನದೂ ಆಗಿರಲಿಲ್ಲ.

ಮನೆಯಲ್ಲಿ ನಡೆಯುವ ಮಾರ್ಪಾಡುಗಳು ಮತ್ತು ಪರಿಣಾಮ

ಬ್ಯಾಫಲ್ ತೆಗೆಯುವುದು ಅಥವಾ ಸೈಲೆನ್ಸರಿನ ತುದಿಗೆ ರಂಧ್ರ ಕೊರೆಯುವುದು: ಶಬ್ದ ಕೂಡಲೇ ಏರುತ್ತದೆ. ಕೊರೆದ ಜಾಗದಿಂದ ತುಕ್ಕು ಆರಂಭವಾಗುತ್ತದೆ. ಒಮ್ಮೆ ಕೊರೆದ ಸೈಲೆನ್ಸರನ್ನು ಮೊದಲಿನ ಸ್ಥಿತಿಗೆ ತರಲಾಗುವುದಿಲ್ಲ.

ಫಿಲ್ಟರ್ ಪೂರ್ತಿ ತೆಗೆಯುವುದು: ಮೇಲೆ ಹೇಳಿದ ಎಲ್ಲ ಮಾರ್ಪಾಡುಗಳಲ್ಲಿ ಅತಿ ಹಾನಿಕರವಾದದ್ದು. ಧೂಳು ನೇರವಾಗಿ ಸಿಲಿಂಡರಿಗೆ ಸೇರುತ್ತದೆ.

ಶಂಕುವಿನಾಕಾರದ ಫಿಲ್ಟರನ್ನು ಕಾರ್ಬುರೇಟರ್ ಬಾಯಿಗೇ ಜೋಡಿಸುವುದು: ಪೆಟ್ಟಿಗೆಯ ರಕ್ಷಣೆ ಇಲ್ಲದ್ದರಿಂದ ಮಳೆಯ ನೀರು, ಎಂಜಿನ್ನಿನ ಬಿಸಿಗಾಳಿ ಎರಡೂ ಒಳಸೇರುತ್ತವೆ. ಬಿಸಿಗಾಳಿ ಹಗುರವಾಗಿರುವುದರಿಂದ ಒಂದು ಗುಟುಕಿನಲ್ಲಿ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಮಲೆನಾಡು, ಕರಾವಳಿಯ ಮಳೆಯಲ್ಲಿ ಇದು ತೀರಾ ತೊಂದರೆಯ ವ್ಯವಸ್ಥೆ.

ಓಡುತ್ತಿರುವಾಗಲೇ ಎಂಜಿನ್ ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಿ 'ಪಟಾಕಿ' ಹೊಡೆಸುವುದು: ಬುಲೆಟ್ ಸವಾರರಲ್ಲಿ ಕೆಲವರಿಗೆ ಇದು ಆಟ. ಕಿಡಿ ಇಲ್ಲದ ಆ ಕ್ಷಣದಲ್ಲಿ ಉರಿಯದ ಪೆಟ್ರೋಲ್ ಬಿಸಿ ಸೈಲೆನ್ಸರಿನಲ್ಲಿ ತುಂಬಿ ಅಲ್ಲೇ ಸಿಡಿಯುತ್ತದೆ. ಸೈಲೆನ್ಸರಿನ ಬೆಸುಗೆ, ಒಳಗಿನ ಕನ್ವರ್ಟರ್ ಎರಡೂ ಹಾಳಾಗುತ್ತವೆ. ಪಕ್ಕದಲ್ಲಿ ಹೋಗುತ್ತಿರುವ ಸ್ಕೂಟರ್ ಸವಾರ ಬೆಚ್ಚಿ ಬಿದ್ದರೆ ಆಗುವ ಅನಾಹುತ ಇನ್ನೂ ದೊಡ್ಡದು.

ಆಕ್ಸಿಲರೇಟರ್ ಬಿಟ್ಟಾಗ ತಾನಾಗಿ ಬರುವ ಟಪ್ ಟಪ್ ಸದ್ದು ಬೇರೆ ವಿಷಯ. ಮಿಶ್ರಣ ಲೀನ್ ಆಗಿರುವುದರ ಅಥವಾ ಬೆಂಡ್ ಪೈಪಿನ ಗ್ಯಾಸ್ಕೆಟ್ ಸೋರುತ್ತಿರುವುದರ ಸೂಚನೆ ಅದು. ಸೈಲೆನ್ಸರ್ ಬದಲಿಸಿದ ಬೆನ್ನಿಗೇ ಈ ಸದ್ದು ಆರಂಭವಾದರೆ ಹೆಮ್ಮೆಪಡದೆ ಪರೀಕ್ಷಿಸಬೇಕು.

ಕಾರ್ಬುರೇಟರ್ ಬೈಕ್, ಇಂಜೆಕ್ಷನ್ ಬೈಕ್

ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುವುದು ಜೆಟ್ ಎಂಬ ಸಣ್ಣ ಹಿತ್ತಾಳೆಯ ತೂತು. ಗಾಳಿ ಹೆಚ್ಚು ನುಗ್ಗಿದರೂ ಜೆಟ್ಟಿನ ಅಳತೆ ಬದಲಾಗದ ಕಾರಣ ಮಿಶ್ರಣ ಲೀನ್ ಆಗುತ್ತದೆ. ಆದ್ದರಿಂದಲೇ ರೇಸ್ ಬೈಕ್ ಸಿದ್ಧಪಡಿಸುವವರು ಸೈಲೆನ್ಸರ್, ಫಿಲ್ಟರ್, ಜೆಟ್ ಮೂರನ್ನೂ ಒಟ್ಟಿಗೆ ಹೊಂದಿಸಿ, ಪ್ರತಿ ಬದಲಾವಣೆಯ ನಂತರ ಅಳೆದು ನೋಡುತ್ತಾರೆ. ಗಾಳಿಯ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಆ ಸ್ಕ್ರೂ ಪ್ರಭಾವ ಬೀರುವುದು ಐಡ್ಲಿಂಗ್ ಮತ್ತು ಅದರ ಆಸುಪಾಸಿನಲ್ಲಿ ಮಾತ್ರ.

ಮಿಶ್ರಣದ ಸ್ಥಿತಿಯನ್ನು ಸ್ಪಾರ್ಕ್ ಪ್ಲಗ್ ನೋಡಿ ಅಂದಾಜಿಸಬಹುದು. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಸರಿ. ಕಪ್ಪು ಮಸಿ ಇದ್ದರೆ ರಿಚ್. ಸುಣ್ಣದಂತೆ ಬಿಳಿಚಿದ್ದರೆ ಲೀನ್, ಎಂಜಿನ್ ಅಪಾಯದಲ್ಲಿದೆ ಎಂದರ್ಥ. ಇಂಜೆಕ್ಷನ್ ಬೈಕುಗಳಲ್ಲಿ ಈ ಪರೀಕ್ಷೆ ಅಷ್ಟು ಸ್ಪಷ್ಟವಾಗಿ ಕಾಣಿಸದು.

ಭಾರತ್ ಸ್ಟೇಜ್ 6 ಮಾನದಂಡ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ತಯಾರಾದ ಬೈಕುಗಳಲ್ಲಿ ಬಹುತೇಕ ಎಲ್ಲವೂ ಫ್ಯುಯೆಲ್ ಇಂಜೆಕ್ಷನ್ ಹೊಂದಿವೆ. ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಒಂದು ಎಕ್ಸಾಸ್ಟ್ ದಾರಿಯಲ್ಲಿರುತ್ತದೆ. ಅದು ಕೊಡುವ ಮಾಹಿತಿಯಂತೆ ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಪೆಟ್ರೋಲಿನ ಪ್ರಮಾಣವನ್ನು ಕ್ಷಣಕ್ಷಣಕ್ಕೂ ತಿದ್ದುತ್ತದೆ. ಹಾಗಾದರೆ ಸೈಲೆನ್ಸರ್ ಬದಲಿಸಿದರೂ ಅದೇ ಸರಿಪಡಿಸಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ನಿಧಾನಗತಿಯ ಸಮ ಓಟದಲ್ಲಿ ಒಂದು ಮಿತಿಯವರೆಗೆ ಸರಿಪಡಿಸೀತು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಸಾಮಾನ್ಯವಾಗಿ ಇಸಿಯು ಕಾರ್ಖಾನೆಯಲ್ಲಿ ಬರೆದಿಟ್ಟ ಕೋಷ್ಟಕವನ್ನೇ ಅನುಸರಿಸುತ್ತದೆ. ಆ ಕೋಷ್ಟಕ ಬರೆದದ್ದು ಕಂಪನಿಯ ಸೈಲೆನ್ಸರಿಗೆ. ಬದಲಿ ಸೈಲೆನ್ಸರಿನಲ್ಲಿ ಸೆನ್ಸರ್ ಕೂರುವ ಜಾಗವೇ ಇಲ್ಲದಿದ್ದರೆ ಮೀಟರಿನಲ್ಲಿ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ.

ಶಬ್ದದ ಲೆಕ್ಕ

ಶಬ್ದವನ್ನು ಅಳೆಯುವ ಡೆಸಿಬೆಲ್ ಮಾಪನ ಸಾಮಾನ್ಯ ಕೂಡುವ ಲೆಕ್ಕದಂತಲ್ಲ. 10 ಡೆಸಿಬೆಲ್ ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳಿಸುತ್ತದೆ. ದ್ವಿಚಕ್ರ ವಾಹನಗಳು ತಯಾರಿಕೆಯ ಹಂತದಲ್ಲಿ ಪಾಲಿಸಬೇಕಾದ ಮಿತಿಯನ್ನು ಎಂಜಿನ್ ಗಾತ್ರಕ್ಕೆ ತಕ್ಕಂತೆ ನಿಗದಿಪಡಿಸಲಾಗಿದ್ದು, 2005ರ ಏಪ್ರಿಲ್‌ನಿಂದ ಅನ್ವಯವಾದ ಪಟ್ಟಿಯಲ್ಲಿ 80 ಸಿಸಿವರೆಗೆ 75, 80ರಿಂದ 175 ಸಿಸಿವರೆಗೆ 77, ಅದಕ್ಕೂ ಮೇಲ್ಪಟ್ಟು 80 ಡೆಸಿಬೆಲ್ ಎಂದಿದೆ. 80 ಡೆಸಿಬೆಲ್ಲಿನ ಬೈಕ್ 90ಕ್ಕೆ ಏರಿದರೆ ಸವಾರನಿಗೆ 'ಸ್ವಲ್ಪ ಗಡುಸಾಯಿತು' ಎನಿಸಬಹುದು, ಬೀದಿಗೆ ಮಾತ್ರ ಹತ್ತು ಬೈಕುಗಳು ಒಟ್ಟಿಗೆ ಹೋದಷ್ಟು ಶಬ್ದ ಶಕ್ತಿ.

ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಇರಬೇಕಾದ ಶಬ್ದದ ಮಟ್ಟ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್. ಆಸ್ಪತ್ರೆ, ಶಾಲಾ ಕಾಲೇಜು, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಇದು ಕ್ರಮವಾಗಿ 50 ಮತ್ತು 40. ರಾತ್ರಿ ಪಾಳಿ ಮುಗಿಸಿ ಮಲಗಿದವರು, ಹೃದ್ರೋಗಿಗಳು, ಎಳೆಯ ಮಕ್ಕಳು ಇರುವ ಬೀದಿಗಳಲ್ಲಿ ಈ ಅಂಕಿಗಳಿಗೆ ಅರ್ಥ ಬರುತ್ತದೆ.

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್ ಈ ಕಲಮನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. 'ಸೈಲೆನ್ಸರಿನ ವಿವರ ಆರ್‌ಸಿ ಪುಸ್ತಕದಲ್ಲೇ ಇಲ್ಲವಲ್ಲ' ಎಂದು ವಾದಿಸುವವರಿದ್ದಾರೆ. ಆದರೆ ಅನ್ವಯವಾಗುವುದು ಆ ಒಂದೇ ಕಲಂ ಅಲ್ಲ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೇ ನಿಯಮ ಪ್ರತಿ ವಾಹನಕ್ಕೂ ಶಬ್ದ ತಗ್ಗಿಸುವ ಸೈಲೆನ್ಸರ್ ಇರಲೇಬೇಕು ಎನ್ನುತ್ತದೆ. 115ನೇ ನಿಯಮ ಹೊಗೆಯ ಮಿತಿಗೆ ಸಂಬಂಧಿಸಿದ್ದು. ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಿದರೆ ಕಾಯ್ದೆಯ 190(2) ಕಲಂ ಅನ್ವಯ, 2019ರ ತಿದ್ದುಪಡಿಯ ನಂತರ, ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ಮೂರು ತಿಂಗಳು ಚಾಲನಾ ಪರವಾನಗಿ ಅನರ್ಹತೆಗೂ ಅವಕಾಶವಿದೆ. ಅದೇ ತಿದ್ದುಪಡಿಯಿಂದ ಸೇರಿದ 182ಎ(4) ಕಲಂ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರನ್ನು ಹೊಣೆ ಮಾಡುತ್ತದೆ. ಒಂದೊಂದು ಮಾರ್ಪಾಡಿಗೂ 5 ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡಕ್ಕೂ ಅವಕಾಶವಿದೆ. ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ದಂಡದ ಮೊತ್ತವನ್ನು ರಾಜ್ಯ ಸರ್ಕಾರ ನಿಗದಿಪಡಿಸುತ್ತದೆ.

ಬೈಕ್ ಓಡಿಸುತ್ತಿದ್ದವನು ಮಗನಾದರೂ ನೋಂದಣಿ ತಂದೆಯ ಹೆಸರಿನಲ್ಲಿದ್ದರೆ 182ಎ(4) ಕಲಂನ ನೋಟಿಸ್ ಬರುವುದು ತಂದೆಗೆ ಎಂಬುದನ್ನು ಕಾಲೇಜು ವಿದ್ಯಾರ್ಥಿಗಳು ನೆನಪಿಡಬೇಕು. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹರಿಸಿದ ದೃಶ್ಯವನ್ನು ಓದುಗರು ನೋಡಿರುತ್ತಾರೆ. ಹೀಗೆ ಚಪ್ಪಟೆಯಾದ ಸೈಲೆನ್ಸರಿಗೆ ಕೊಟ್ಟ ಹಣ ಹಿಂದಿರುಗುವುದಿಲ್ಲ.

ವಾರಂಟಿ ಅವಧಿಯಲ್ಲಿ ಇಂತಹ ಮಾರ್ಪಾಡು ಮಾಡಿದರೆ ಎಂಜಿನ್ ದುರಸ್ತಿಯ ಹೊಣೆಯಿಂದ ತಯಾರಕರು ನುಣುಚಿಕೊಳ್ಳಲು ದಾರಿ ಮಾಡಿಕೊಟ್ಟಂತೆ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಪರಿಹಾರದ ಸಮಯದಲ್ಲಿ ತಕರಾರಿಗೆ ಕಾರಣವಾಗಬಹುದು. ಬದಲಿ ಸೈಲೆನ್ಸರ್ ಬೇಕೇಬೇಕೆಂದರೆ ಬೈಕ್ ತಯಾರಕರೇ ಆಯಾ ಮಾದರಿಗೆಂದು ಅನುಮೋದನೆ ಪಡೆದು ಮಾರುವಂಥದ್ದು ಇದೆಯೇ ಎಂದು ಶೋರೂಮಿನಲ್ಲಿ ವಿಚಾರಿಸಿ, ಬಿಲ್ ಮತ್ತು ಅನುಮೋದನೆಯ ಕಾಗದ ಇಟ್ಟುಕೊಳ್ಳುವುದು ಸೂಕ್ತ. ರೇಸಿನ ಆಸೆಯುಳ್ಳವರಿಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಟ್ರ್ಯಾಕುಗಳಿವೆ. ಅಲ್ಲಿ ಓಡುವ ಬೈಕುಗಳ ನಿಯಮವೇ ಬೇರೆ.

ಮನೆಯಲ್ಲೇ ಮಾಡಬಹುದಾದ ಕೆಲಸ

ಕಂಪನಿಯ ಸೈಲೆನ್ಸರ್ ಮತ್ತು ಫಿಲ್ಟರನ್ನೇ ಸುಸ್ಥಿತಿಯಲ್ಲಿಟ್ಟರೆ ಕಳೆದುಹೋದ ಪಿಕಪ್ ಬಹುಪಾಲು ಮರಳುತ್ತದೆ. ಸ್ವಂತ ಕೈಯಿಂದ ಬೈಕ್ ಬಿಚ್ಚುವ ಸಂತೋಷವೂ ಇದರಲ್ಲಿ ಸಿಗುತ್ತದೆ.

ಮೊದಲು ಬೈಕಿನ ಕೈಪಿಡಿ ನೋಡಿ ಫಿಲ್ಟರ್ ಯಾವ ಬಗೆಯದೆಂದು ತಿಳಿದುಕೊಳ್ಳಬೇಕು. ಸ್ಪಂಜಿನಂತಹ ಫೋಮ್ ಫಿಲ್ಟರ್ ಆಗಿದ್ದರೆ ಸೋಪಿನ ನೀರಿನಲ್ಲಿ ಅಥವಾ ಕೈಪಿಡಿ ಹೇಳಿದ ದ್ರಾವಣದಲ್ಲಿ ಅದ್ದಿ, ಹಿಂಡದೆ ಅಂಗೈಗಳ ನಡುವೆ ಒತ್ತಿ, ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ಬಳಿಕ ಕೈಪಿಡಿ ಸೂಚಿಸಿದ ಎಣ್ಣೆ ಸವರಿ ಹೆಚ್ಚಿನದನ್ನು ಒತ್ತಿ ತೆಗೆಯಬೇಕು. ತೊಳೆಯಲು ಪೆಟ್ರೋಲ್ ಬಳಸಬಾರದು. ಫೋಮ್ ಹಾಳಾಗುತ್ತದೆ, ಬೆಂಕಿಯ ಅಪಾಯವೂ ಇದೆ.

ಒಣ ಕಾಗದದ ಫಿಲ್ಟರನ್ನು ನೀರಿನಿಂದ ತೊಳೆಯುವಂತಿಲ್ಲ. ಒಳಭಾಗದಿಂದ ಹೊರಕ್ಕೆ ಮೆಲ್ಲಗೆ ಗಾಳಿ ಊದಿ ಧೂಳು ಕೊಡವಬಹುದು. ಹೊರಗಿನಿಂದ ಒಳಕ್ಕೆ ಊದಿದರೆ ಧೂಳು ಇನ್ನೂ ಆಳಕ್ಕೆ ಇಳಿಯುತ್ತದೆ. ಎಣ್ಣೆ ಲೇಪಿಸಿದ ವಿಸ್ಕಸ್ ಕಾಗದದ ಫಿಲ್ಟರನ್ನು ಊದಲೂಬಾರದು, ತೊಳೆಯಲೂಬಾರದು. ಕೈಪಿಡಿ ಹೇಳಿದಷ್ಟು ಕಿಲೋಮೀಟರ್ ಆದಾಗ ಹೊಸದನ್ನು ಹಾಕುವುದೊಂದೇ ದಾರಿ. ಧೂಳಿನ ರಸ್ತೆಯಲ್ಲಿ ಓಡಾಡುವವರು ಅದಕ್ಕೂ ಮೊದಲೇ ಬದಲಿಸಬೇಕು. ಮುಚ್ಚಳ ಹಾಕುವಾಗ ರಬ್ಬರ್ ಅಂಚು ಸರಿಯಾಗಿ ಕೂತಿದೆಯೇ, ಕಾರ್ಬುರೇಟರಿಗೆ ಹೋಗುವ ಪೈಪಿನಲ್ಲಿ ಬಿರುಕಿದೆಯೇ ಎಂದು ನೋಡಬೇಕು. ಫಿಲ್ಟರ್ ಎಷ್ಟೇ ಹೊಸದಾಗಿದ್ದರೂ ಬಿರುಕಿನಿಂದ ಧೂಳು ನುಗ್ಗಬಲ್ಲದು.

ಸೈಲೆನ್ಸರ್ ಮುಟ್ಟುವ ಮುನ್ನ ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಸಿಲಿಂಡರಿನ ಬಳಿಯ ನಟ್ಟುಗಳು ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡುವುದು ಒಳ್ಳೆಯದು. ಬಲವಂತವಾಗಿ ತಿರುಗಿಸಿ ಸ್ಟಡ್ ಮುರಿದರೆ ಲೇತ್ ಕೆಲಸಕ್ಕೆ ಹೋಗಬೇಕಾಗುತ್ತದೆ. ಮತ್ತೆ ಜೋಡಿಸುವಾಗ ಹಳೆಯ ಗ್ಯಾಸ್ಕೆಟ್ ಬಳಸಬಾರದು. ಎಲ್ಲ ನಟ್ಟುಗಳನ್ನೂ ಮೊದಲು ಕೈಯಲ್ಲಿ ಕೂರಿಸಿ, ಆಮೇಲೆ ಸಿಲಿಂಡರಿನ ಕಡೆಯ ನಟ್ಟುಗಳನ್ನು ಸಮನಾಗಿ ಬಿಗಿದು, ಕೊನೆಗೆ ಹಿಂಬದಿಯ ಬೋಲ್ಟ್ ಬಿಗಿಯಬೇಕು. ಎಂಜಿನ್ ಚಾಲೂ ಮಾಡಿ ನೋಡುವುದು ತೆರೆದ ಜಾಗದಲ್ಲೇ ಆಗಬೇಕು. ಮುಚ್ಚಿದ ಶೆಡ್ಡಿನಲ್ಲಿ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಪ್ರಾಣ ತೆಗೆಯುತ್ತದೆ.

ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ. ಮಡಿಕೇರಿಯ ಚಳಿಯ ಬೆಳಗಿನಲ್ಲಿ ಸೈಲೆನ್ಸರಿನಿಂದ ನೀರು ತೊಟ್ಟಿಕ್ಕುವುದು ಇದರಿಂದಲೇ. ಪ್ರತಿದಿನ ಒಂದೆರಡು ಕಿ.ಮೀ. ಮಾತ್ರ ಓಡಿಸಿದರೆ ಆ ನೀರು ಆರದೆ ಒಳಗೇ ಉಳಿದು ತುಕ್ಕು ಹಿಡಿಸುತ್ತದೆ. ಸೈಲೆನ್ಸರಿನ ತಳದ ಸಣ್ಣ ರಂಧ್ರ ನೀರು ಹೋಗಲೆಂದೇ ಇರುವಂಥದ್ದು, ಅದನ್ನು ಮುಚ್ಚಬಾರದು. ವಾರಕ್ಕೊಮ್ಮೆ ಅರ್ಧ ಗಂಟೆ ನಿಲ್ಲಿಸದೆ ಓಡಿಸಿದರೆ ಒಳಗೆ ಒಣಗುತ್ತದೆ. ಯೆಜ್ಡಿ, ಜಾವಾದಂತಹ ಎರಡು ಸ್ಟ್ರೋಕ್ ಬೈಕುಗಳಲ್ಲಿ ಬ್ಯಾಫಲ್‌ಗೆ ಎಣ್ಣೆಯ ಮಸಿ ಕಟ್ಟಿಕೊಳ್ಳುವುದರಿಂದ ಅದನ್ನು ಹೊರತೆಗೆದು, ಕೆರೆದು ಸ್ವಚ್ಛಗೊಳಿಸಿ, ಮರಳಿ ಅಲ್ಲೇ ಜೋಡಿಸಬೇಕು. ಹಳೆಯ ಯೆಜ್ಡಿಯವರಿಗೆ ಇದು ಹೊಸದಲ್ಲ.

ಈಗಾಗಲೇ ಬದಲಿಸಿದ್ದರೆ

ಕಂಪನಿಯ ಸೈಲೆನ್ಸರನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿದ್ದರೆ ಅದನ್ನೇ ಹೊಸ ಗ್ಯಾಸ್ಕೆಟ್‌ನೊಂದಿಗೆ ಮರಳಿ ಹಾಕಿಸಿ. ಜೆಟ್ ಬದಲಿಸಿದ್ದರೆ ಮೂಲ ಅಳತೆಯದನ್ನೇ ಕೂರಿಸಿ, ಹೊಸ ಫಿಲ್ಟರ್ ಹಾಕಿ, ಹೊಗೆ ತಪಾಸಣೆ ಮಾಡಿಸಿ. ಫಿಲ್ಟರ್ ಇಲ್ಲದೆ ಬಹುಕಾಲ ಓಡಿಸಿದ್ದರೆ ಎಂಜಿನ್ ಆಯಿಲ್ ಬದಲಿಸಿ, ಕಂಪ್ರೆಷನ್ ಪರೀಕ್ಷೆ ಮಾಡಿಸುವುದು ಒಳಿತು. ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವವರು ಸೈಲೆನ್ಸರ್ ಮೂಲದ್ದೇ ಎಂದು ನೋಡುವುದರ ಜೊತೆಗೆ ಸೈಡ್ ಪ್ಯಾನೆಲ್ ತೆಗೆಸಿ ಫಿಲ್ಟರ್ ಪೆಟ್ಟಿಗೆಗೆ ರಂಧ್ರ ಕೊರೆದಿದ್ದಾರೆಯೇ ಎಂದೂ ನೋಡಬೇಕು. ಹಿಂದಿನ ಮಾಲೀಕ ಎಂಜಿನ್ನನ್ನು ಹೇಗೆ ನಡೆಸಿಕೊಂಡಿದ್ದ ಎಂಬುದನ್ನು ಆ ಪೆಟ್ಟಿಗೆ ಮೀಟರಿಗಿಂತ ಪ್ರಾಮಾಣಿಕವಾಗಿ ಹೇಳುತ್ತದೆ.